ಪತ್ರಿಕಾಲಯದಿಂದ ನ್ಯಾಯವಿಧಾಯಕ ಸಭೆಗೆ

ಕನ್ನಡ ನಾಡಿನಲ್ಲಿ ಶ್ರೀಮಾನ್ ಡಿ. ವಿ. ಗುಂಡಪ್ಪನವರ ಹೆಸರನ್ನು ಕೇಳದ ಅಕ್ಷರಸ್ಥರ ಮನೆಯು ದೊರೆಯುವುದು ದುರ್ಲಭ. ಆದರೆ ಆ ಹೆಸರನ್ನು ಕೇಳಿದೊಡನೆ ಬಹುಮಂದಿಯ ನೆನಪಿಗೆ ಬರುವುದು ‘ಮಂಕುತಿಮ್ಮನ ಕಗ್ಗ’ವೊಂದೇ. ಆ ಗ್ರಂಥವು 1943ನೆಯ ಇಸವಿಯಲ್ಲಿ ಪ್ರಕಟವಾದಾಗ ಗ್ರಂಥಕರ್ತರಿಗೆ 56 ವರ್ಷ ವಯಸ್ಸಾಗಿದ್ದಿತು. ಅದಕ್ಕೆ ಮುಂಚಿನ ಮೂವತ್ತಕ್ಕೂ ಹೆಚ್ಚಿನ ವರ್ಷಗಳನ್ನು ಅವರು ಕಳೆದದ್ದು ಕವಿಗಳ ಏಕಾಂತದಲ್ಲಲ್ಲ. ವೃತ್ತಪತ್ರಿಕೆಯ ಕಚೇರಿಯಲ್ಲಿಯೂ, ಮೈಸೂರು ಸಂಸ್ಥಾನದ ನ್ಯಾಯವಿಧಾಯಕ ಸಭೆಯಲ್ಲಿಯೂ, ಸಾರ್ವಜನಿಕರ ಚರ್ಚಾಗೋಷ್ಠಿಗಳಲ್ಲಿಯೂ. ಅವರ ಜೀವನದ ಈ ಭಾಗವನ್ನು ನಮ್ಮ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ. ಚುನಾವಣೆಯ ಕಾಲ ಬಂದಾಗಲೆಲ್ಲ ‘ಶಾಸನಸಭೆಗೆ ಎಂತಹವರು ಹೋಗಬೇಕು?’ ಎಂಬ ಪ್ರಶ್ನೆಯು ಪ್ರತಿಯೊಬ್ಬ ಗೃಹಸ್ಥನ ಮನೆಬಾಗಿಲಿಗೆ ಬಂದು ನಿಲ್ಲುವುದು. ಆ ಪ್ರಶ್ನೆಗೆ ಒಬ್ಬ ಮನುಷ್ಯನ ಬಾಳಿನಲ್ಲಿ ಎಂತಹ ಉತ್ತರ ದೊರೆಯಿತೆಂಬುದನ್ನು ನೋಡುವುದು ಪ್ರಯೋಜನಕರವೆಂದು ನಾವು ಭಾವಿಸಿದ್ದೇವೆ.

ಗುಂಡಪ್ಪನವರು 1887ನೆಯ ಇಸವಿ ಮಾರ್ಚಿ 17ನೆಯ ತಾರೀಖು ಕೋಲಾರ ಜಿಲ್ಲೆಯ ಮುಳುಬಾಗಿಲಿನಲ್ಲಿ ಜನಿಸಿದರು. ಮನೆತನವು ದೊಡ್ಡ ಐಶ್ವರ್ಯದ್ದಲ್ಲ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಅಲ್ಲಿಗೆ ಅವರ ಶಾಲೆಯ ಓದು ಮುಗಿಯಿತು. ಆಗಿನ ಮೈಸೂರು ಸಂಸ್ಥಾನದಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗದವನಿಗೆ ಸರ್ಕಾರದ ಉದ್ಯೋಗವಿಲ್ಲ, ಉದ್ಯೋಗವಿಲ್ಲದವನಿಗೆ ಸಮಾಜದಲ್ಲಿ ಮರ್ಯಾದೆಯೂ ಕಡಮೆಯೆಂಬಂತಹ ಸ್ಥಿತಿಯಿದ್ದಿತು. ಈ ಯುವಕರು ಕೆಲವು ಕಾಲ ಶಾಲೆಯೊಂದರಲ್ಲಿ ಬದಲಿ ಉಪಾಧ್ಯಾಯರಾಗಿದ್ದರು. ಬಳಿಕ ಸೋಡಾ ಕಾರ್ಖಾನೆಯಲ್ಲಿಯೂ, ಬೆಂಗಳೂರಿಗೆ ಬಂದಮೇಲೆ ಜಟಕಾ ಸಾರೋಟುಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯೊಂದರಲ್ಲಿಯೂ ಕೆಲಸಮಾಡಿದರೆಂದು ಅವರ ಜೀವನಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಆದರೆ ಓದುವುದನ್ನು ಅವರು ಎಂದೂ ನಿಲ್ಲಿಸಲಿಲ್ಲ. ಸಂಸ್ಕೃತವನ್ನು ವಿದ್ವಾಂಸರ ಬಳಿ ಕಲಿತರು; ಇಂಗ್ಲಿಷನ್ನು ಸ್ವಪ್ರಯತ್ನದಿಂದ ಸಾಧಿಸಿದರು. ಈ ಎರಡು ಭಾಷೆಗಳ ರಾಜ್ಯಶಾಸ್ತ್ರ ಗ್ರಂಥಗಳನ್ನೂ ಅವರು ಶ್ರದ್ಧೆಯಿಂದ ವ್ಯಾಸಂಗ ಮಾಡಿದರು.

ಬೆಂಗಳೂರಿನ ‘ಸೂರ್ಯೋದಯ ಪ್ರಕಾಶಿಕ’ ಎಂಬ ಕನ್ನಡ ಪತ್ರಿಕೆಯಲ್ಲಿ ದೊರೆತ ವರದಿಗಾರನ ಕೆಲಸವು ಅವರ ಸಾರ್ವಜನಿಕ ಜೀವನದ ಮೊದಲ ಮೆಟ್ಟಿಲಾಯಿತು. ಸಂಬಳವು ಅತ್ಯಲ್ಪ, ಕೆಲಸಕ್ಕೆ ಮಾತ್ರ ಮಿತಿಯಿರಲಿಲ್ಲ. ಸಭೆಯಲ್ಲಿ ಯಾರು ಏನೆಂದರು, ಸರ್ಕಾರದ ಅಪ್ಪಣೆಯಲ್ಲಿ ಏನಿದೆ, ನ್ಯಾಯಸ್ಥಾನದಲ್ಲಿ ಏನಾಯಿತು, ಪುರಸಭೆಯವರು ಬೀದಿಯ ದೀಪಕ್ಕೆ ಎಷ್ಟು ಖರ್ಚು ಬರೆದರು ಎಂಬಿವನ್ನೆಲ್ಲ ಕಣ್ಣಾರೆ ಕಂಡು, ಕಿವಿಯಾರೆ ಕೇಳಿ, ತಪ್ಪಿಲ್ಲದಂತೆ ಬರೆಯುವುದು ವರದಿಗಾರನ ಧರ್ಮ. ಪಾಠಶಾಲೆಯಲ್ಲಿ ದೊರೆಯದ ವಿದ್ಯೆಯು ಅವರಿಗೆ ಇಲ್ಲಿ ದೊರೆಯಿತು.

ಆದರೆ ಪತ್ರಿಕಾವೃತ್ತಿಯನ್ನು ನಂಬಿ ಬಾಳುವುದಕ್ಕೆ ಅದು ಅನುಕೂಲವಾದ ಕಾಲವಾಗಿರಲಿಲ್ಲ. 1908ನೆಯ ಇಸವಿಯಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಮೈಸೂರು ಸರ್ಕಾರದವರು ವೃತ್ತಪತ್ರಿಕೆಗಳ ರೆಗ್ಯುಲೇಷನ್ನನ್ನು ಜಾರಿಗೆ ತಂದರು. ಸರ್ಕಾರದ ಅನುಮತಿಯಿಲ್ಲದೆ ಸಂಸ್ಥಾನದಲ್ಲಿ ಯಾರೂ ಪತ್ರಿಕೆಯನ್ನು ಹೊರಡಿಸಕೂಡದು. ಕೊಟ್ಟ ಅನುಮತಿಯನ್ನು ಸರ್ಕಾರವು ಬೇಕೆಂದಾಗ ಹಿಂದಕ್ಕೆ ತೆಗೆದುಕೊಳ್ಳಬಹುದು — ಇದು ಆ ಕಾನೂನಿನ ಸಾರ. ಇದನ್ನು ಪ್ರತಿಭಟಿಸಿ ಕೆಲವರು ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿಬಿಟ್ಟರು. ಗುಂಡಪ್ಪನವರು ಕೆಲವು ಕಾಲ ಮದರಾಸಿನಲ್ಲಿದ್ದು ಅಲ್ಲಿಯ ಪತ್ರಿಕೆಗಳಿಗೆ ಬರೆದರು.

ಆ ಕಾಲದಲ್ಲಿ ಪ್ರಜೆಗಳಿಗೆ ಪತ್ರಿಕೆಯು ಏಕೆ ಅಷ್ಟು ಅಮೂಲ್ಯವಾಗಿದ್ದಿತೆಂಬುದನ್ನು ತಿಳಿಯಬೇಕಾದರೆ ಅಂದಿನ ಸಭೆಗಳ ಅಧಿಕಾರವನ್ನು ತಿಳಿಯಬೇಕು. ದಿವಾನ್ ರಂಗಾಚಾರ್ಲುರವರ ಕಾಲದಲ್ಲಿ, 1881ನೆಯ ಇಸವಿ ಅಕ್ಟೋಬರ್ 7ನೆಯ ತಾರೀಖು, ಮೈಸೂರಿನ ಪ್ರಜಾಪ್ರತಿನಿಧಿ ಸಭೆಯು 144 ಮಂದಿಯೊಡನೆ ಮೊದಲು ಸೇರಿತು. ಇಂಡಿಯಾ ದೇಶದಲ್ಲಿಯೇ ಅಂತಹ ಸಭೆಗಳಲ್ಲಿ ಅದು ಮೊದಲನೆಯದೆಂಬುದು ಮೈಸೂರಿನವರ ಹೆಮ್ಮೆ. ಆದರೆ ಪ್ರತಿನಿಧಿಗಳು ದೂರು ಹೇಳಬಹುದಾಗಿತ್ತೇ ಹೊರತು ಶಾಸನ ಮಾಡುವ ಅಧಿಕಾರ ಅವರಿಗಿರಲಿಲ್ಲ. ಶಾಸನಗಳನ್ನು ವಿಚಾರಮಾಡುವುದಕ್ಕೆ ಬೇರೆಯಾಗಿ ನ್ಯಾಯವಿಧಾಯಕ ಸಭೆಯೆಂಬುದು ಏರ್ಪಟ್ಟಿದ್ದು 1907ನೆಯ ಇಸವಿಯಲ್ಲಿ; ಅದು ಚಿಕ್ಕ ಸಭೆ, ಅದರ ಅಧಿಕಾರವೂ ಚಿಕ್ಕದು. ಹೀಗಿದ್ದುದರಿಂದ, ‘ಈ ತೆರಿಗೆ ಏಕೆ? ಈ ವೆಚ್ಚ ಯಾರಿಗಾಗಿ?’ ಎಂದು ವರ್ಷದ ಎಲ್ಲಾ ದಿನಗಳಲ್ಲಿಯೂ ಕೇಳಬಹುದಾದ ಸ್ಥಳವು ಪತ್ರಿಕೆಯೊಂದೇ ಆಗಿದ್ದಿತು.

ಪತ್ರಿಕೆಯನ್ನೂ ಸಭೆಯನ್ನೂ ಜೊತೆಯಾಗಿ ನಡೆಸಿಕೊಂಡು ಬಂದವರು ಗುಂಡಪ್ಪನವರಿಗಿಂತ ಹಿಂದೆಯೂ ಇದ್ದರು. ಮೈಸೂರಿನ ಜನರು ‘ತಾತಯ್ಯ’ನೆಂದು ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು (1844–1933) ಅವರಲ್ಲಿ ಅಗ್ರಗಣ್ಯರು. ಮರಿಮಲ್ಲಪ್ಪನವರ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಅವರು ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಮೊದಲಾದ ಪತ್ರಿಕೆಗಳನ್ನು ನಡೆಸಿದರು. ಪ್ರಜಾಪ್ರತಿನಿಧಿ ಸಭೆಯಲ್ಲಿ ಅಧಿಕಾರಿಗಳ ಮುಖದ ಮುಂದೆಯೇ ಪ್ರಜೆಗಳ ಕಷ್ಟವನ್ನು ಹೇಳಿದರು. ಗುಂಡಪ್ಪನವರು ಹಿಡಿದ ದಾರಿಯು ಹೀಗೆ ಹಿರಿಯರು ತುಳಿದ ದಾರಿಯೇ ಸರಿ.

1913ನೆಯ ಇಸವಿಯಲ್ಲಿ, ತಮ್ಮ 26ನೆಯ ವಯಸ್ಸಿನಲ್ಲಿ, ಗುಂಡಪ್ಪನವರು ಬೆಂಗಳೂರಿನಿಂದ ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ವಾರಕ್ಕೆರಡು ಸಲ ಹೊರಡಿಸತೊಡಗಿದರು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. 1908ರ ರೆಗ್ಯುಲೇಷನ್ನು ಇನ್ನೂ ಜಾರಿಯಲ್ಲಿದ್ದಿತು. ಪತ್ರಿಕೆಯನ್ನು ಕನ್ನಡದಲ್ಲಿ ನಡೆಸದೆ ಇಂಗ್ಲಿಷಿನಲ್ಲಿ ನಡೆಸಿದುದೇಕೆಂದು ಕೆಲವರು ಕೇಳಬಹುದು. ಆಗ ರಾಜ್ಯದ ಆಡಳಿತವೆಲ್ಲವೂ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಅಧಿಕಾರದಲ್ಲಿದ್ದವರಿಗೆ ಪ್ರಜೆಯ ಮಾತು ಮುಟ್ಟಬೇಕಾದರೆ ಅವರು ಓದುವ ಭಾಷೆಯಲ್ಲಿಯೇ ಅದನ್ನು ಹೇಳಬೇಕಾಗಿದ್ದಿತು. ಕನ್ನಡಿಗರಿಗಾಗಿ ಅವರು ಬೇರೆಯಾಗಿ ಕನ್ನಡದಲ್ಲಿ ಪುಸ್ತಕಗಳನ್ನು ಬರೆದರು. ದಿವಾನ್ ರಂಗಾಚಾರ್ಲುರವರ ಚರಿತ್ರೆಯನ್ನೂ, ತಾವು ಗುರುವೆಂದು ಭಾವಿಸಿದ್ದ ಗೋಪಾಲಕೃಷ್ಣ ಗೋಖಲೆಯವರ ಚರಿತ್ರೆಯನ್ನೂ ಕನ್ನಡದ ಓದುಗರಿಗೆ ಕೊಟ್ಟರು.

ಗೋಖಲೆಯವರ ಹೆಸರನ್ನು ಇಲ್ಲಿ ಹೇಳಿದುದಕ್ಕೆ ಕಾರಣವುಂಟು. ವೈಸರಾಯರ ಶಾಸನಸಭೆಯಲ್ಲಿ ಗೋಖಲೆಯವರು ಸರ್ಕಾರದ ಆಯವ್ಯಯದ ಅಂಕಿಗಳನ್ನೇ ಹಿಡಿದು ಸರ್ಕಾರವನ್ನು ಪ್ರಶ್ನಿಸುತ್ತಿದ್ದರು. ದ್ವೇಷದ ಮಾತಿಲ್ಲ, ಅಂಜಿಕೆಯೂ ಇಲ್ಲ. ಅದೇ ಕ್ರಮವನ್ನು ಗುಂಡಪ್ಪನವರು ತಮ್ಮ ಪತ್ರಿಕೆಯಲ್ಲಿ ಅನುಸರಿಸಿದರು. ವಿಶ್ವೇಶ್ವರಯ್ಯನವರಲ್ಲಿ ಅವರಿಗೆ ಅಪಾರವಾದ ಗೌರವ. ಆ ಗೌರವವು ಅವರ ಜೀವಮಾನದ ಕೊನೆಯವರೆಗೂ ಉಳಿಯಿತು. ಆದರೂ ದಿವಾನರ ಆಡಳಿತದಲ್ಲಿ ಒಪ್ಪದ ವಿಷಯ ಬಂದಾಗ ಒಪ್ಪುವುದಿಲ್ಲವೆಂದು ಬರೆಯುವುದನ್ನು ಅವರು ಬಿಡಲಿಲ್ಲ. ಸ್ನೇಹವು ಬೇರೆ, ಸಾರ್ವಜನಿಕ ಕರ್ತವ್ಯವು ಬೇರೆಯೆಂಬ ಈ ವಿವೇಕವು ನಮ್ಮಲ್ಲಿ ಇಂದಿಗೂ ಸುಲಭವಾಗಿ ಕಾಣಬರುವುದಲ್ಲ.

ಇಂತಹ ಪತ್ರಿಕಾಕರ್ತನಿಗೆ ಹಣವೆಲ್ಲಿಂದ ಬರಬೇಕು? ಸರ್ಕಾರದವರ ಕೃಪೆಯನ್ನಾಗಲಿ ಶ್ರೀಮಂತರ ಆಶ್ರಯವನ್ನಾಗಲಿ ಬೇಡದವನಿಗೆ ಚಂದಾದಾರರೇ ಗತಿ, ಚಂದಾದಾರರೋ ವಿರಳ. ಅದರ ಭಾರವು ಕೊನೆಗೆ ಬೀಳುವುದು ಮನೆಯ ಮೇಲೆ. ಈ ವಿಷಯವಾಗಿ ಜನರು ಹೇಳಿಕೊಂಡು ಬಂದಿರುವ ಒಂದು ಪ್ರಸಂಗವನ್ನು ನಮ್ಮ ಮನೆಗಳ ಗೃಹಿಣಿಯರು ವಿಶೇಷವಾಗಿ ಲಕ್ಷಿಸಬೇಕು. ಬಂಧುಗಳ ಮನೆಯಲ್ಲಿ ಒಂದು ಶುಭಕಾರ್ಯ. ಗುಂಡಪ್ಪನವರ ಪತ್ನಿ ಭಾಗೀರಥಮ್ಮನವರು ಅಲ್ಲಿಗೆ ಹೋಗಿರಲಿಲ್ಲ. ಏಕೆಂದು ಪತಿಯು ಕೇಳಿದಾಗ, ತಮ್ಮಲ್ಲಿರುವ ಸೀರೆಯು ಹರಿದು ತೇಪೆ ಹಾಕಿದ್ದೆಂದೂ, ಅದನ್ನುಟ್ಟು ನಾಲ್ಕು ಜನರ ಎದುರಿಗೆ ಹೋದರೆ ಪತಿಯ ಹೆಸರಿಗೆ ಕುಂದು ಬರುವುದೆಂದೂ ಆಕೆ ಉತ್ತರ ಕೊಟ್ಟರಂತೆ. ಆ ಮಾತಿನಲ್ಲಿ ದೂರಿರಲಿಲ್ಲ. ಮನೆಯ ಮಾನವನ್ನು ಕಾಯುವ ಎಚ್ಚರವಿದ್ದಿತು. ಸಾರ್ವಜನಿಕ ಸೇವೆಯ ಕೀರ್ತಿಯು ಗಂಡಸರ ಹೆಸರಿನಲ್ಲಿ ಬರೆಯಲ್ಪಡುವುದು. ಅದರ ವೆಚ್ಚವನ್ನು ಎಷ್ಟೋ ಸಲ ಹೆಂಗಸರು ಮೌನವಾಗಿ ತೆರುವರು. 1924ನೆಯ ಇಸವಿಯಲ್ಲಿ ಭಾಗೀರಥಮ್ಮನವರು ಬೆಂಕಿಯ ಅಪಘಾತದಲ್ಲಿ ತೀರಿಕೊಂಡರು. ಮಕ್ಕಳಿನ್ನೂ ಚಿಕ್ಕವರು. ಗುಂಡಪ್ಪನವರಿಗೆ ಆಗ 37 ವರ್ಷ, ಅವರು ಮರುಮದುವೆಯಾಗಲಿಲ್ಲ. ಆ ಮಕ್ಕಳಲ್ಲಿ ಒಬ್ಬರು ಮುಂದೆ ಸಸ್ಯಶಾಸ್ತ್ರಜ್ಞರಾಗಿಯೂ ಸಾಹಿತಿಗಳಾಗಿಯೂ ಪ್ರಸಿದ್ಧರಾದ ಬಿ. ಜಿ. ಎಲ್. ಸ್ವಾಮಿಯವರು.

ಇಷ್ಟರಲ್ಲಿ ಸಂಸ್ಥಾನದ ರಾಜ್ಯಾಂಗದಲ್ಲಿಯೂ ಬದಲಾವಣೆಯಾಗಿದ್ದಿತು. ಆಗ ಮೈಸೂರು ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರ್ ಆಗಿದ್ದ ಬ್ರಜೇಂದ್ರನಾಥ ಸೀಲರ ಅಧ್ಯಕ್ಷತೆಯ ಸಮಿತಿಯ ಸಲಹೆಗಳನ್ನನುಸರಿಸಿ 1923ನೆಯ ಇಸವಿಯಲ್ಲಿ ಹೊಸ ಶಾಸನಗಳಾದವು. ನ್ಯಾಯವಿಧಾಯಕ ಸಭೆಯ ಸದಸ್ಯರ ಸಂಖ್ಯೆಯು 50ಕ್ಕೆ ಏರಿತು. ಅವರಲ್ಲಿ 22 ಮಂದಿ ಚುನಾಯಿತರು, ಉಳಿದವರು ಸರ್ಕಾರದವರು ನೇಮಿಸಿದವರು. ಸದಸ್ಯರು ಪ್ರಶ್ನೆ ಕೇಳಬಹುದು, ನಿರ್ಣಯಗಳನ್ನು ತರಬಹುದು, ಆಯವ್ಯಯದ ಬಾಬುಗಳ ಮೇಲೆ ಮತ ಕೊಡಬಹುದು ಎಂದಾಯಿತು. ಆದರೂ ಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತುಕೊಳ್ಳುತ್ತಿದ್ದವರು ದಿವಾನರೇ. ಸಭೆಯು ಎಷ್ಟೇ ಹೇಳಲಿ, ದಿವಾನರನ್ನಾಗಲಿ ಅವರ ಕೌನ್ಸಿಲಿನವರನ್ನಾಗಲಿ ಅಧಿಕಾರದಿಂದಿಳಿಸುವ ಶಕ್ತಿ ಅದಕ್ಕಿರಲಿಲ್ಲ. ಅಂತಹ ಸಭೆಯಲ್ಲಿ ಸದಸ್ಯನ ಬಲವಿದ್ದುದು ಮತಸಂಖ್ಯೆಯಲ್ಲಲ್ಲ. ವಿಷಯಜ್ಞಾನದಲ್ಲಿ ಮತ್ತು ಶೀಲದಲ್ಲಿ.

ಈ ಸುಧಾರಣೆಗಳಾದ ಕೆಲವೇ ವರ್ಷಗಳಲ್ಲಿ ಗುಂಡಪ್ಪನವರು ಆ ಸಭೆಯ ಸದಸ್ಯರಾದರು. 1940ನೆಯ ಇಸವಿಯವರೆಗೆ, ಸುಮಾರು ಹದಿನಾಲ್ಕು ವರ್ಷ, ಅಲ್ಲಿದ್ದರು. ಅವರು ಸಭೆಯಲ್ಲಿದ್ದ ಕಾಲವೆಲ್ಲ ಹೆಚ್ಚುಕಡಮೆ ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಕಾಲ. ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್ಟಿನ ಕೆಲಸವನ್ನೂ ಅದೇ ವರ್ಷಗಳಲ್ಲಿ ಅವರು ವಹಿಸಿದ್ದರು.

ವರದಿಗಾರನಾಗಿ ಕಲಿತ ಮೂರು ಅಭ್ಯಾಸಗಳು ಶಾಸಕನಿಗೆ ಎಷ್ಟು ಉಪಯುಕ್ತವಾದುವೆಂಬುದನ್ನು ಇಲ್ಲಿ ವಿವರಿಸಬೇಕು. ಮೊದಲನೆಯದು ತಿಳಿದು ಮಾತನಾಡುವುದು. ವರದಿಯನ್ನು ಓದದೆ ಟೀಕಿಸುವವನು ಪತ್ರಿಕೆಯಲ್ಲಿ ಒಂದು ದಿನ ಮೆರೆಯಬಹುದು; ಮಾರನೆಯ ದಿನ ಅವನ ತಪ್ಪನ್ನು ಊರೆಲ್ಲ ಎತ್ತಿ ತೋರಿಸುವುದು. ಎರಡನೆಯದು ಎದುರು ಪಕ್ಷದ ವಾದವನ್ನೂ ಕೇಳಿಕೊಳ್ಳುವುದು. ಪತ್ರಿಕೆಗೆ ಬರುವ ಕಾಗದಗಳಲ್ಲಿ ಸಂಪಾದಕನನ್ನು ಹೊಗಳುವುವೂ ಇರುತ್ತವೆ, ಬಯ್ಯುವುವೂ ಇರುತ್ತವೆ. ಎರಡನ್ನೂ ಸಮಚಿತ್ತದಿಂದ ಓದಬಲ್ಲವನು ಮಾತ್ರ ಸಭೆಯಲ್ಲಿ ಕುಳಿತು ಚರ್ಚೆ ಮಾಡಬಲ್ಲನು. ಮೂರನೆಯದು ಯಾರ ಋಣಕ್ಕೂ ಸಿಕ್ಕದಿರುವುದು. ಮಿರ್ಜಾರವರ ಕಾಲದಲ್ಲಿ ಸರ್ಕಾರಕ್ಕಾಗಿ ಮಾಡಿಕೊಟ್ಟ ಬರವಣಿಗೆಯ ಕೆಲಸಕ್ಕೆ ಬಂದ ಚೆಕ್ಕುಗಳನ್ನು ಗುಂಡಪ್ಪನವರು ನಗದು ಮಾಡಿಸಿಕೊಳ್ಳಲೇ ಇಲ್ಲವೆಂದೂ, ಅವರು ಕಾಲವಾದ ಮೇಲೆ ಅವು ಅವರ ಪೆಟ್ಟಿಗೆಯಲ್ಲಿ ಹಾಗೆಯೇ ದೊರೆತವೆಂದೂ ಹೇಳುವರು. ಸರ್ಕಾರದಿಂದ ಹಣ ಪಡೆದ ಲೇಖನಿಯು ಸರ್ಕಾರವನ್ನು ಟೀಕಿಸುವಾಗ ತಡವರಿಸೀತೆಂಬ ಸಂಕೋಚವೇ ಅದಕ್ಕೆ ಕಾರಣವಾಗಿರಬೇಕೆಂದು ನಮಗೆ ತೋರುತ್ತದೆ.

ಸಭೆಯ ಹೊರಗೂ ಅವರನ್ನು ಕಾಡಿದ ಒಂದು ದೊಡ್ಡ ಪ್ರಶ್ನೆಯುಂಟು. ಬ್ರಿಟಿಷ್ ಇಂಡಿಯಾಕ್ಕೆ ಸ್ವರಾಜ್ಯ ಬರುವ ಕಾಲಕ್ಕೆ ದೇಶೀಯ ಸಂಸ್ಥಾನಗಳ ಪ್ರಜೆಗಳ ಗತಿಯೇನು? 1927ನೆಯ ಇಸವಿಯ ಕೊನೆಯಲ್ಲಿ ಬಟ್ಲರ್ ಸಮಿತಿಯು ನೇಮಕವಾದಾಗ ರಾಜಮಹಾರಾಜರು, ತಮಗೆ ಸಂಬಂಧವಿರುವುದು ಬ್ರಿಟಿಷ್ ಚಕ್ರಾಧಿಪತ್ಯದೊಡನೆಯೇ ಹೊರತು ಇಂಡಿಯಾ ಸರ್ಕಾರದೊಡನೆ ಅಲ್ಲವೆಂದು ವಾದಿಸಿದರು. ಸಂಸ್ಥಾನವೆಂದರೆ ರಾಜರು ಮಾತ್ರವೇ, ಅಥವಾ ಅಲ್ಲಿಯ ಕೋಟ್ಯಂತರ ಪ್ರಜೆಗಳೂ ಸೇರಿದರೋ? ಪ್ರಜೆಗಳೂ ಸೇರಿದರೆಂಬುದು ಗುಂಡಪ್ಪನವರ ಸಿದ್ಧಾಂತ. ಮುಂದಿನ ರಾಜ್ಯಾಂಗದಲ್ಲಿ ಸಂಸ್ಥಾನದ ಪ್ರಜೆಗಳಿಗೂ ಸ್ಥಾನ ಬೇಕು, ಹಕ್ಕುಗಳ ರಕ್ಷಣೆ ಬೇಕು ಎಂದು ಅವರು ಇಂಗ್ಲಿಷಿನಲ್ಲಿ ಪುಸ್ತಕಗಳನ್ನೂ ವಿಜ್ಞಾಪನೆಗಳನ್ನೂ ಬರೆದರು. 1930ನೆಯ ಇಸವಿಯಿಂದ ಲಂಡನ್ನಿನಲ್ಲಿ ನಡೆದ ದುಂಡುಮೇಜಿನ ಪರಿಷತ್ತುಗಳಿಗೆ ಸಂಸ್ಥಾನಗಳ ಪರವಾಗಿ ರಾಜರೂ ದಿವಾನರೂ ಹೋದರೇ ಹೊರತು ಪ್ರಜೆಗಳು ಆರಿಸಿದ ಪ್ರತಿನಿಧಿಗಳು ಹೋಗಲಿಲ್ಲವೆಂಬುದನ್ನು ನೆನೆದರೆ, ಆ ವಾದಕ್ಕೆ ಎಷ್ಟು ಅವಶ್ಯಕತೆಯಿದ್ದಿತೆಂಬುದು ಗೊತ್ತಾಗುವುದು.

ಆದರೂ ಗುಂಡಪ್ಪನವರದು ಮಧ್ಯಮ ಮಾರ್ಗ. ಮಹಾರಾಜರ ಛತ್ರದ ಕೆಳಗೆ ಪ್ರಜೆಗಳಿಗೆ ಹೊಣೆಯಾದ ಸರ್ಕಾರವು ಕ್ರಮಕ್ರಮವಾಗಿ ಬರಬೇಕೆಂಬುದು ಅವರ ಆಶಯ. 1937–38ರ ಹೊತ್ತಿಗೆ ಕಾಲವು ಅಷ್ಟು ನಿಧಾನವಾಗಿ ನಡೆಯಲು ಒಪ್ಪಲಿಲ್ಲ. ಮೈಸೂರು ಕಾಂಗ್ರೆಸ್ಸು ಬಲವಾಯಿತು. 1938ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು 25ನೆಯ ತಾರೀಖು ಅವರ ಹುಟ್ಟುಜಿಲ್ಲೆಯಾದ ಕೋಲಾರದ ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನರು ಬಲಿಯಾದರು. ಬೀದಿಯಲ್ಲಿ ರಕ್ತ ಬಿದ್ದಮೇಲೆ ಸಮಾಧಾನದ ಮಾತನ್ನಾಡುವವನು ಎರಡು ಕಡೆಯವರಿಗೂ ಬೇಡವಾಗುವನು. ಸರ್ಕಾರದವರಿಗೆ ಅವನು ಟೀಕಾಕಾರ. ಚಳವಳಿಗಾರರಿಗೆ ಅವನು ಹಳೆಯ ಕಾಲದವನು. ಕೊನೆಗೆ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದುದು 1947ನೆಯ ಇಸವಿಯಲ್ಲಿ, ಚಳವಳಿಯ ಬಲದಿಂದಲೇ ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೆ ಅಧಿಕಾರವು ಪ್ರಜೆಗಳ ಕೈಗೆ ಬಂದಮೇಲೆ ಅದನ್ನು ನಡೆಸುವ ಯೋಗ್ಯತೆ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಚಳವಳಿಯಲ್ಲಿ ಉತ್ತರವಿರಲಿಲ್ಲ. ಗುಂಡಪ್ಪನವರು ತಮ್ಮ ಉಳಿದ ಆಯುಸ್ಸನ್ನು ಅದಕ್ಕೆ ಮೀಸಲಿಟ್ಟರು.

ಸಭೆಯನ್ನು ಬಿಟ್ಟಮೇಲೆ ಅವರು ಬೇರೆ ಪದವಿಯನ್ನು ಅರಸಲಿಲ್ಲ. 1945ನೆಯ ಇಸವಿಯಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಪುಸ್ತಕಭಂಡಾರ, ಉಪನ್ಯಾಸ, ಅಧ್ಯಯನ ಗೋಷ್ಠಿ; ಯಾವ ಪಕ್ಷದ ಬಾವುಟವೂ ಇಲ್ಲ. ಸಂಸ್ಥೆಯ ‘ಪಬ್ಲಿಕ್ ಅಫೇರ್ಸ್’ ಪತ್ರಿಕೆಗೆ ಅವರೇ ಸಂಪಾದಕರು. ಹೀಗೆ ಪತ್ರಿಕೆಯಿಂದ ಸಭೆಗೆ ಹೋದವರು ಸಭೆಯಿಂದ ಮತ್ತೆ ಪತ್ರಿಕೆಗೆ ಬಂದರು. ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’, ‘ವೃತ್ತಪತ್ರಿಕೆ’ ಎಂಬ ಕನ್ನಡ ಗ್ರಂಥಗಳನ್ನು ಸಾಮಾನ್ಯ ಓದುಗರಿಗಾಗಿ ಬರೆದರು. 1970ನೆಯ ಇಸವಿಯಲ್ಲಿ ಬೆಂಗಳೂರಿನ ಜನರು ಸನ್ಮಾನ ಮಾಡಿ ಅರ್ಪಿಸಿದ ನಿಧಿಯನ್ನೆಲ್ಲ ಆ ಸಂಸ್ಥೆಗೇ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಬಂದಿತು. 1975ನೆಯ ಇಸವಿ ಅಕ್ಟೋಬರ್ 7ನೆಯ ತಾರೀಖು ಅವರು ತೀರಿಕೊಂಡರು.

ಪದವಿಯ ದೃಷ್ಟಿಯಿಂದ ನೋಡಿದರೆ ಇದೇನೂ ದೊಡ್ಡ ರಾಜಕೀಯ ಜೀವನವಲ್ಲ. ಅವರು ಮಂತ್ರಿಯಾಗಲಿಲ್ಲ, ಪಕ್ಷ ಕಟ್ಟಲಿಲ್ಲ, ಹಣ ಕೂಡಿಡಲಿಲ್ಲ. ಆದರೆ ಸಭೆಗೆ ಹೋಗುವ ಮುಂಚೆ ಪ್ರಜೆಯ ಕಷ್ಟವನ್ನು ತಿಳಿದುಕೊಂಡರು. ಸಭೆಯಲ್ಲಿದ್ದಾಗ ತಿಳಿದುದನ್ನು ಹೇಳಿದರು. ಸಭೆಯಿಂದ ಬಂದಮೇಲೆ ಪ್ರಜೆಗೆ ಕಲಿಸಿದರು. ಮೂರೂ ಒಂದೇ ಕೆಲಸದ ಮೂರು ಭಾಗಗಳೆಂಬುದು ಅವರ ಬಾಳಿನ ಪಾಠ. ಶಾಸನಸಭೆಯು ಆಕಾಶದಿಂದ ಇಳಿದು ಬರುವುದಿಲ್ಲ. ಅದು ನಮ್ಮ ಮನೆಗಳಿಂದಲೇ ಹೊರಟು ಹೋಗುವುದು. ಮನೆಯಲ್ಲಿ ಪತ್ರಿಕೆಯನ್ನು ವಿಚಾರಮಾಡಿ ಓದುವ ಪದ್ಧತಿ, ಮಕ್ಕಳ ಮುಂದೆ ಊರಿನ ವಿಷಯವನ್ನು ದ್ವೇಷವಿಲ್ಲದೆ ಮಾತನಾಡುವ ಪದ್ಧತಿ, ಮತ ಕೇಳಲು ಬಂದವನನ್ನು ‘ನೀವು ಏನನ್ನು ಬಲ್ಲಿರಿ? ಯಾರ ಋಣದಲ್ಲಿರುವಿರಿ?’ ಎಂದು ವಿನಯದಿಂದಲೇ ಕೇಳುವ ಧೈರ್ಯ — ಇಷ್ಟು ಬಂದರೆ ಸಭೆಯು ತಾನಾಗಿಯೇ ತಿದ್ದಿಕೊಳ್ಳುವುದು. ನಮ್ಮ ವಾಚಕ ಮಹಾಶಯರು ಮುಂದಿನ ಸಲ ಮತ ಕೇಳುವವರು ಬಾಗಿಲಿಗೆ ಬಂದಾಗ ಈ ಎರಡು ಪ್ರಶ್ನೆಗಳನ್ನು ಮರೆಯಬಾರದೆಂದು ನಾವು ಪ್ರಾರ್ಥಿಸುತ್ತೇವೆ.